ಗೋಧಿ ಸೇರದ ಮನೆಯ ಊಟ

ಹೋಳಿಗೆ ಮಾಡುವ ಗೃಹಿಣಿಗೆ ಕಣಕದ ಗುಣ ಚೆನ್ನಾಗಿ ಗೊತ್ತು. ಮೈದಾ ಹಿಟ್ಟನ್ನೋ ಚಿರೋಟಿ ರವೆಯನ್ನೋ ಕಲಸಿ, ನಾದಿ, ಎಣ್ಣೆಯಲ್ಲಿ ನೆನೆಯಿಟ್ಟರೆ ಅದು ರಬ್ಬರಿನಂತೆ ಹಿಗ್ಗುತ್ತದೆ. ಹೂರಣವನ್ನು ಒಡಲಲ್ಲಿಟ್ಟುಕೊಂಡು ಎಲೆಯಷ್ಟು ತೆಳುವಾದರೂ ಹರಿಯುವುದಿಲ್ಲ. ಜೋಳದ ಹಿಟ್ಟಿಗೆ ಈ ಗುಣವಿಲ್ಲ. ಅದನ್ನು ಕುದಿಯುವ ಎಸರಿನಲ್ಲಿ ಕಲಸಿ, ಅಂಗೈಯಿಂದ ಬಡಿದೇ ರೊಟ್ಟಿ ಮಾಡಬೇಕು. ಗೋಧಿಗೆ ಈ ಹಿಗ್ಗುವ ಶಕ್ತಿಯನ್ನು ಕೊಡುವುದು ಗ್ಲುಟೆನ್ ಎಂಬ ಅಂಟಾದ ಸಸಾರಜನಕ. ಕಲಸಿದ ಹಿಟ್ಟನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹರಿದುಹೋಗಿ ಕೊನೆಗೆ ಕೈಯಲ್ಲಿ ಉಳಿಯುವ ಮುದ್ದೆಯೇ ಅದು. ಬ್ರೆಡ್ಡು ಉಬ್ಬುವುದಕ್ಕೂ ಚಪಾತಿ ಮೃದುವಾಗುವುದಕ್ಕೂ ಅದೇ ಕಾರಣ. ಕೋಟ್ಯಂತರ ಜನರಿಗೆ ಅದು ನಿರಪಾಯವಾದ ಆಹಾರ. ಕೆಲವರಿಗೆ ಮಾತ್ರ ಜೀವಮಾನವಿಡೀ ವಿಷ.

ಆ ಕೆಲವರನ್ನು ಕಾಡುವ ರೋಗಕ್ಕೆ ಸೀಲಿಯಾಕ್ ಎಂದು ಹೆಸರು. ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯಂತಿದೆ. ಅದರ ತುಂಬ ಅತಿ ಸಣ್ಣ ಬೆರಳುಗಳಂಥ ಎಳೆಗಳು ಎದ್ದು ನಿಂತಿವೆ. ಉಂಡ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದಾಗ ಅವರ ದೇಹದ ರಕ್ಷಣಾವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತದು. ಮಕ್ಕಳಲ್ಲಾದರೆ ಹೊಟ್ಟೆ ಉಬ್ಬುತ್ತದೆ, ಕೈಕಾಲು ಸೊರಗುತ್ತವೆ, ಭೇದಿ ನಿಲ್ಲುವುದಿಲ್ಲ, ವಯಸ್ಸಿಗೆ ತಕ್ಕ ಎತ್ತರ ಬರುವುದಿಲ್ಲ. ದೊಡ್ಡವರಲ್ಲಿ ಹೊಟ್ಟೆಯ ತೊಂದರೆ ಕಾಣಿಸದೆಯೂ ಇರಬಹುದು. ಕಬ್ಬಿಣದ ಮಾತ್ರೆ ನುಂಗಿದರೂ ನೀಗದ ರಕ್ತಹೀನತೆ, ಮೂಳೆಗಳ ಸವೆತ, ಮೇಲಿಂದ ಮೇಲೆ ಬರುವ ಬಾಯಿಹುಣ್ಣು, ಗರ್ಭ ನಿಲ್ಲದಿರುವುದು, ಇವೇ ಸುಳಿವು ಕೊಡಬಹುದು. ಇದಕ್ಕೆ ಇಂದಿಗೂ ಇರುವ ಚಿಕಿತ್ಸೆ ಒಂದೇ: ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳನ್ನೂ ಅವುಗಳಿಂದಾದ ಪದಾರ್ಥಗಳನ್ನೂ ಬದುಕಿರುವವರೆಗೆ ಪೂರ್ತಿಯಾಗಿ ಬಿಡುವುದು.

ಬ್ರೆಡ್ಡಿಲ್ಲದ ಚಳಿಗಾಲ

ಈ ಸತ್ಯವನ್ನು ಕಂಡುಕೊಳ್ಳುವುದು ವೈದ್ಯರಿಗೆ ಸುಲಭವಾಗಿರಲಿಲ್ಲ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ರೋಗದ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟರು. ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದೂ ಊಹಿಸಿದರು. ಆದರೆ ನಿರಪರಾಧಿಯಾದ ಅಕ್ಕಿಯನ್ನು ನಿಷೇಧಿಸಿ, ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡಿಗೆ ಅನುಮತಿಯಿತ್ತರು! 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದರು. ಮಕ್ಕಳೇನೋ ಚೇತರಿಸಿಕೊಂಡರು. ಚೇತರಿಕೆಗೆ ಕಾರಣ ಬಾಳೆಹಣ್ಣು ತಿಂದದ್ದಲ್ಲ, ಬ್ರೆಡ್ಡು ಬಿಟ್ಟದ್ದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಗುಟ್ಟು ರಟ್ಟಾದದ್ದು ಹಾಲೆಂಡಿನಲ್ಲಿ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ವಿಲ್ಲೆಮ್ ಡಿಕೆ ಎಂಬ ವೈದ್ಯರಿಗೆ ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಆ ನಾಡಿನಲ್ಲಿ ಘೋರ ಕ್ಷಾಮ ತಲೆದೋರಿತು. ಬ್ರೆಡ್ಡು ಸಿಕ್ಕದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಡಿಕೆಯವರು ಪಟ್ಟುಹಿಡಿದು ಪ್ರಯೋಗ ನಡೆಸಿ, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಗೋಧಿಯ ಅಪರಾಧವನ್ನು ಸಿದ್ಧಪಡಿಸಿದರು.

ಅದೇ ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಇಲ್ಲಿ ಅಭಾವವಾದದ್ದು ಅಕ್ಕಿ. ಮಾವಳ್ಳಿ ಟಿಫಿನ್ ರೂಮ್ಸ್‌ನವರು ಅಕ್ಕಿಗೆ ಬದಲು ಗೋಧಿ ರವೆಯಿಂದ ಇಡ್ಲಿ ಮಾಡಿದರೆಂದೂ ರವೆ ಇಡ್ಲಿ ಹುಟ್ಟಿದ್ದು ಹಾಗೆಯೇ ಎಂದೂ ಪ್ರತೀತಿ. ನೆರೆಹೊರೆಯ ತಟ್ಟೆಗಳಲ್ಲಿ ಒಂದೇ ಹೆಸರಿನ ಎರಡು ತಿಂಡಿ: ಅಕ್ಕಿ ಇಡ್ಲಿ ಸೀಲಿಯಾಕ್ ರೋಗಿಗೆ ಅನ್ನದಷ್ಟೇ ಹಿತ, ರವೆ ಇಡ್ಲಿ ಬ್ರೆಡ್ಡಿನಷ್ಟೇ ಅಪಾಯ.

ಅಪರೂಪವೆಂಬ ಅಪಾಯ

2016ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಸಮೀಕ್ಷೆಯಂತೆ ಉತ್ತರ ಭಾರತದಲ್ಲಿ 100ಕ್ಕೆ 1.23ರಷ್ಟು ಜನರಿಗೆ ಈ ರೋಗವಿದ್ದರೆ ದಕ್ಷಿಣದಲ್ಲಿ 0.10ರಷ್ಟು ಜನರಿಗೆ ಮಾತ್ರ, ಎಂದರೆ ಸಾವಿರಕ್ಕೊಬ್ಬರಿಗೆ. ರೋಗಕ್ಕೆ ಎಡೆಗೊಡುವ ವಂಶಗುಣ ಎರಡು ಕಡೆಯೂ ಹೆಚ್ಚುಕಡಿಮೆ ಸಮವಾಗಿಯೇ ಇದೆ. ಭಾರಿ ವ್ಯತ್ಯಾಸವಿರುವುದು ದಿನವೂ ತಿನ್ನುವ ಗೋಧಿಯ ಪ್ರಮಾಣದಲ್ಲಿ. ಅನ್ನ, ಮುದ್ದೆ, ಜೋಳದ ರೊಟ್ಟಿಗಳ ನಾಡಿಗೆ ಇದು ಸಮಾಧಾನದ ಮಾತೇ ಸರಿ. ಆದರೆ ಅಪರೂಪದ ರೋಗಕ್ಕೆ ಒಂದು ದುರ್ದೈವವುಂಟು: ಅದರ ಮೇಲೆ ಯಾರಿಗೂ ಬೇಗ ಅನುಮಾನ ಹುಟ್ಟುವುದಿಲ್ಲ. ಮಗುವಿಗೆ ಜಂತುವಿನ ಔಷಧಿ, ಟಾನಿಕ್ಕು, ದೃಷ್ಟಿ ತೆಗೆಯುವುದು ಎಲ್ಲ ಮುಗಿಯುವ ಹೊತ್ತಿಗೆ ಬೆಳೆಯುವ ವರ್ಷಗಳು ಕಳೆದುಹೋಗಿರುತ್ತವೆ.

ಸಂದೇಹ ಬಂದಾಗ ಮನೆಯವರು ತಾವಾಗಿಯೇ ಗೋಧಿಯನ್ನು ಬಿಡಿಸುವುದೂ ತಪ್ಪು. ರಕ್ತಪರೀಕ್ಷೆಯಲ್ಲಿ ಹುಡುಕುವ ಗುರುತುಗಳೂ ಕರುಳಿನ ಚೂರಿನ ಪರೀಕ್ಷೆಯಲ್ಲಿ ಕಾಣುವ ಸವೆತವೂ ಗೋಧಿ ತಿನ್ನುತ್ತಿರುವಾಗಲೇ ಸ್ಪಷ್ಟವಾಗಿರುತ್ತವೆ; ಬಿಟ್ಟು ಕೆಲವು ತಿಂಗಳಾದರೆ ಮಾಸಿಹೋಗಬಹುದು. ಆದಕಾರಣ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಒಬ್ಬರಿಗೆ ರೋಗ ಖಚಿತವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳುವುದು ಯುಕ್ತ. ಇನ್ನು, ರೋಗವಿಲ್ಲದವರು ಮೈ ಇಳಿಸುವ ಆಸೆಯಿಂದ ಗ್ಲುಟೆನ್ ಬಿಡುವುದರಲ್ಲಿ ಅರ್ಥವಿಲ್ಲ.

ಸಾರಿನಲ್ಲಿ ಅಡಗಿದ ಗೋಧಿ

ಪಥ್ಯವೆಂದೊಡನೆ ಕನ್ನಡದ ಗೃಹಿಣಿ ಎದೆಗುಂದಬೇಕಾಗಿಲ್ಲ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ, ಹಾರಕ, ಸಜ್ಜೆ, ಮೆಕ್ಕೆಜೋಳ, ಎಲ್ಲ ಬೇಳೆಕಾಳು, ಸಬ್ಬಕ್ಕಿ, ಅವಲಕ್ಕಿ ಎಲ್ಲವೂ ಸೇವನಾರ್ಹ. ನೀರುದೋಸೆ, ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ, ಪೊಂಗಲು ಇವುಗಳಿಗೆ ಬದಲಿ ಹುಡುಕುವ ಶ್ರಮವೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಸವೆದ ಮೂಳೆಗೆ ಅದು ಬೇಕಾದದ್ದೇ. ದುಬಾರಿ ಬೆಲೆಯ ಗ್ಲುಟೆನ್‌ರಹಿತ ಬಿಸ್ಕತ್ತಿಗಿಂತ ರಾಗಿ ಅಂಬಲಿ ಎಷ್ಟೋ ಮೇಲು.

ಉಪ್ಪಿಟ್ಟು, ಕೇಸರಿಬಾತು, ಪೂರಿ, ಚಿರೋಟಿ, ಬಿಸ್ಕತ್ತು ಇವನ್ನು ಬಿಡಬೇಕೆಂಬುದು ಎಲ್ಲರಿಗೂ ತಿಳಿಯುತ್ತದೆ. ಕಷ್ಟವಿರುವುದು ಕಾಣದ ಗೋಧಿಯಲ್ಲಿ. “ಅನ್ನ ಸಾರು ಉಂಡರೆ ಏನು ಭಯ?” ಎಂದು ಕೇಳುವವರು ಒಗ್ಗರಣೆಯ ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡಬೇಕು. ಅಪ್ಪಟ ಇಂಗು ಒಂದು ಗಿಡದ ಅಂಟು. ಅದರ ಘಾಟು ಬಲು ಹೆಚ್ಚಾದ್ದರಿಂದ ಅಂಗಡಿಯ ಇಂಗಿನಲ್ಲಿ ಹಿಟ್ಟು ಬೆರೆಸಿರುತ್ತಾರೆ. ಅನೇಕ ವೇಳೆ ಅದು ಗೋಧಿಯ ಹಿಟ್ಟೇ. ಹೀಗೆ ಸಾರಿನ ಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಹಪ್ಪಳ ಎಲ್ಲದರೊಳಗೂ ಗೋಧಿ ನುಸುಳುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ದೊರೆಯುತ್ತದೆ. ಹುಡುಕಿ ತರಬೇಕು, ಅಷ್ಟೆ. ನಿಪ್ಪಟ್ಟು ಕೋಡುಬಳೆಗಳಿಗೆ ಗರಿಗರಿಯಾಗಲೆಂದು ಮೈದಾವನ್ನೋ ಚಿರೋಟಿ ರವೆಯನ್ನೋ ಸೇರಿಸುವ ವಾಡಿಕೆಯುಂಟು. ಜ್ವರ ಬಂದವರಿಗೆ ಹಿತವೆಂದು ಕೊಡುವ ಬಾರ್ಲಿ ನೀರು ಈ ರೋಗಿಗೆ ಸಲ್ಲದು. ರಾಗಿ ಮಾಲ್ಟು ಸರಿ, ಬಾರ್ಲಿಯ ಮಾಲ್ಟಿನಿಂದಾದ ಪಾನೀಯದ ಪುಡಿಗಳು ಸರಿಯಲ್ಲ.

ನಮ್ಮ ದೇಶದ ಆಹಾರ ನಿಯಮದಂತೆ ಗ್ಲುಟೆನ್‌ರಹಿತವೆಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಇಷ್ಟು ಬಿಗಿ ಏಕೆಂದರೆ, ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಒಳಹೊಕ್ಕರೂ ಕರುಳಿಗೆ ಹಾನಿಯಾಗುವುದೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ಅದರ ನಲವತ್ತನೆಯ ಒಂದು ಪಾಲೆಂದರೆ ತಟ್ಟೆಯಂಚಿನಲ್ಲಿ ಉಳಿಯುವ ಪುಡಿಯಷ್ಟೇ.

ಹೊಸದೊಂದು ಮಡಿ

ಆದ್ದರಿಂದ ಮನೆಯೊಳಗೆ ಕಟ್ಟುನಿಟ್ಟು ಬೇಕು. ಮಡಿಯ ಅಡುಗೆಮನೆಯಲ್ಲಿ ಬೆಳೆದ ಅಜ್ಜಿಯರಿಗೆ ಈ ಕ್ರಮವನ್ನು ಯಾರೂ ಕಲಿಸಬೇಕಾಗಿಲ್ಲ. ಈ ಪಾತ್ರೆ ಇದಕ್ಕೇ, ಆ ಸೌಟು ಅದಕ್ಕೇ, ಮುಟ್ಟಿದ ಕೈಯಲ್ಲಿ ಮತ್ತೊಂದನ್ನು ಮುಟ್ಟಬಾರದು ಎಂಬ ಶಿಸ್ತು ಅವರಿಗೆ ರೂಢಿ. ಆ ಹಳೆಯ ಮಡಿ ಮನುಷ್ಯರನ್ನು ದೂರವಿಟ್ಟದ್ದೂ ಉಂಟು. ಈ ಹೊಸ ಮಡಿ ದೂರವಿಡುವುದು ಹಿಟ್ಟಿನ ಧೂಳನ್ನು ಮಾತ್ರ.

ರೋಗಿಗೆ ಬೇರೆ ಲಟ್ಟಣಿಗೆ, ಬೇರೆ ಮಣೆ, ಬೇರೆ ಕಾವಲಿ ಇರಬೇಕು. ಜರಡಿಯಂತೂ ಬೇರೆಯೇ ಆಗಬೇಕು. ಎಷ್ಟು ತೊಳೆದರೂ ಅದರ ಕಣ್ಣುಗಳಲ್ಲಿ ಹಿಟ್ಟು ಉಳಿಯುತ್ತದೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವುದು, ಚಪಾತಿಗೆ ಸವರಿದ ಚಮಚವನ್ನೇ ಮತ್ತೆ ತುಪ್ಪದ ಗಿಂಡಿಗೆ ಅದ್ದುವುದು ಸಲ್ಲದು. ರೋಗಿಯ ಅಡುಗೆ ಮೊದಲು, ಮಿಕ್ಕವರ ಚಪಾತಿ ಆಮೇಲೆ. ದೊಡ್ಡ ಮೋಸವಾಗುವುದು ಹಿಟ್ಟಿನ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಅಪ್ಪಟ ರಾಗಿಹಿಟ್ಟು ಎಂಬುದು ಹೆಸರಿಗೆ ಮಾತ್ರ. ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಉತ್ತಮ. ಅನೇಕ ಕುಟುಂಬಗಳು ಕೊನೆಗೆ ಮನೆಯಲ್ಲಿ ಗೋಧಿಯನ್ನೇ ನಿಲ್ಲಿಸಿ, ಎಲ್ಲರೂ ಒಂದೇ ಊಟ ಮಾಡುವ ಮಾರ್ಗವನ್ನು ಹಿಡಿಯುತ್ತವೆ. ಅದರಿಂದ ಕೆಲಸ ಹಗುರ. ಮಗುವಿಗೆ ತಾನೊಬ್ಬನೇ ಬೇರೆಯೆಂಬ ಕೊರಗೂ ಇಲ್ಲ.

ಪಂಕ್ತಿಯ ಸಂಕಟ

ಮನೆಯ ಹೊಸಿಲು ದಾಟಿದರೆ ಕಷ್ಟ ಬೇರೆ ಬಗೆಯದು. ಹೋಟೆಲಿನಲ್ಲಿ ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ಸಾದಾ ದೋಸೆಯೂ ಬೇಯುತ್ತದೆ. ಶಾಲೆಯಲ್ಲಿ ಗೆಳೆಯನ ಹುಟ್ಟುಹಬ್ಬದ ಕೇಕು ಕೈಗೆ ಬರುತ್ತದೆ. ಮದುವೆಯ ಪಂಕ್ತಿಯಲ್ಲಿ ಪ್ರೀತಿಯ ದೊಡ್ಡಮ್ಮ, “ಒಂದೇ ಒಂದು ಚೂರು ಹೋಳಿಗೆ, ಏನಾಗುತ್ತೆ ತಿನ್ನು ಕಂದ” ಎಂದು ಎಲೆಗೆ ಬಡಿಸಿಯೇ ಬಿಡುತ್ತಾರೆ. ಆ ಚೂರು ತಿಂದ ದಿನ ಏನೂ ಆಗದೆಯೂ ಇರಬಹುದು. ನೋವಿಲ್ಲವೆಂದ ಮಾತ್ರಕ್ಕೆ ಕರುಳು ಸವೆಯುತ್ತಿಲ್ಲವೆಂದಲ್ಲ. ಈ ರೋಗದ ಕಪಟವೇ ಅದು.

ಬೆಳೆದ ಹೆಣ್ಣುಮಕ್ಕಳ ವಿಷಯದಲ್ಲಿ ಸಂಕಟ ಇನ್ನೂ ಆಳ. ಸಂಬಂಧ ತಪ್ಪೀತೆಂಬ ಭಯದಿಂದ ತಾಯ್ತಂದೆಗಳು ಸಂಗತಿಯನ್ನು ಮುಚ್ಚಿಟ್ಟರೆ, ಹೊಸ ಸೊಸೆ ಅತ್ತೆಯ ಮನೆಯಲ್ಲಿ ದಿನವೂ ಬಾಯಿಮುಚ್ಚಿಕೊಂಡು ಚಪಾತಿ ತಿನ್ನಬೇಕಾಗುತ್ತದೆ. ಪಥ್ಯದಲ್ಲಿರುವ ಹೆಣ್ಣು ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಾಗಿದ್ದು ಮಕ್ಕಳನ್ನು ಹಡೆಯಬಲ್ಲಳು. ಪಥ್ಯ ಕೆಟ್ಟರೆ ರಕ್ತಹೀನತೆ, ಗರ್ಭಪಾತಗಳ ಭಯವುಂಟು. ಮುಚ್ಚಿಟ್ಟದ್ದರಿಂದಲೇ ಹೆದರಿದ್ದು ನಡೆದುಹೋಗುತ್ತದೆ. ಮುಂಚೆಯೇ ಬಿಚ್ಚಿ ಹೇಳಿದರೆ ಒಂದು ಸಂಬಂಧ ತಪ್ಪಬಹುದು, ಮಗಳ ಮೈ ಉಳಿಯುತ್ತದೆ.

ದೇವರ ಪ್ರಸಾದವನ್ನು ಒಲ್ಲೆನೆನ್ನುವುದು ಎಲ್ಲಕ್ಕಿಂತ ಕಠಿಣ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಅದನ್ನು ತಿರಸ್ಕರಿಸಿದರೆ ಎಂಥ ಅನರ್ಥವಾಯಿತೆಂಬುದನ್ನು ವ್ರತಕಥೆಯಲ್ಲಿ ಕೇಳಿದ ಮಗು ಕೈ ಹಿಂದೆಗೆಯುವುದಾದರೂ ಹೇಗೆ? ಆದರೆ ನೈವೇದ್ಯದ ವಿಧಿಯನ್ನು ಹೇಳುವಾಗ ಅದೇ ಕಥೆ ಗೋಧಿಯ ಹಿಟ್ಟು ಇಲ್ಲದಿದ್ದರೆ ಅಕ್ಕಿಯ ಹಿಟ್ಟೂ ಆಗಬಹುದೆಂದು ದಾರಿ ತೋರಿಸಿದೆ. ಪೂಜೆಗೆ ಮುನ್ನ ಪುರೋಹಿತರೊಡನೆ ಒಂದು ಮಾತು ಆಡಿಕೊಂಡು ಅಕ್ಕಿತರಿಯಲ್ಲಿ ಸಪಾದ ಮಾಡಿದರೆ ವ್ರತಕ್ಕೂ ಲೋಪವಿಲ್ಲ, ಮಗುವಿಗೂ ಪ್ರಸಾದ ತಪ್ಪುವುದಿಲ್ಲ. ಯುಗಾದಿಯ ದಿನ ಅದೇ ಹೂರಣವನ್ನು ಅಕ್ಕಿಹಿಟ್ಟಿನ ಕಣಕದಲ್ಲಿಟ್ಟು ಕಡುಬು ಬೇಯಿಸಿದರೆ ಹಬ್ಬವೂ ಉಳಿಯುತ್ತದೆ. ಹೀಗೆ ಪಥ್ಯ ನಡೆದ ಮನೆಗಳಲ್ಲಿ ಮಕ್ಕಳ ಹಸಿವು ಬಹುಬೇಗ ಮರಳುತ್ತದೆ. ಕರುಳಿನ ಎಳೆಗಳು ಮೆಲ್ಲಗೆ ಮತ್ತೆ ಚಿಗುರುತ್ತವೆ, ಹೋದ ವರ್ಷ ಸರಿಹೋಗುತ್ತಿದ್ದ ಲಂಗ, ಷರಟು ಈ ವರ್ಷ ಗಿಡ್ಡವಾಗತೊಡಗುತ್ತವೆ.