‘ಇರಲಿ’ ಎಂಬ ಭಾರ
ಹಲವು ದಿನಗಳ ಚಾರಣಕ್ಕೆ ಹೊರಡುವವರ ಗಂಟುಮೂಟೆಯ ಲೆಕ್ಕ

ಹೊರಡುವ ಹಿಂದಿನ ರಾತ್ರಿಯ ದೃಶ್ಯವನ್ನು ನೆನಪಿಸಿಕೊಳ್ಳಿ. ನಡುಮನೆಯಲ್ಲಿ ಬೆನ್ನುಚೀಲ ಬಾಯಿ ತೆರೆದು ಕುಳಿತಿದೆ. ಸುತ್ತ ಬಟ್ಟೆಬರೆ, ಡಬ್ಬಿ, ಬಾಟಲಿ. ಅಮ್ಮ ಇನ್ನೊಂದು ಟವೆಲ್ ತಂದು “ಇರಲಿ” ಎನ್ನುತ್ತಾರೆ. ಅಣ್ಣ ದೊಡ್ಡ ಟಾರ್ಚ್ ತಂದು “ಇರಲಿ” ಎನ್ನುತ್ತಾನೆ. ನಾವೇ ಒಂದು ದಪ್ಪ ಪುಸ್ತಕವನ್ನು ಎತ್ತಿಕೊಂಡು, ಹೇಗೂ ಸಂಜೆ ಬಿಡುವಿರುತ್ತದಲ್ಲ, ಇರಲಿ ಎಂದುಕೊಳ್ಳುತ್ತೇವೆ. ಮೂರಕ್ಷರದ ಈ ಮಾತಿಗೆ ಮನೆಯಲ್ಲಿ ತೂಕವಿಲ್ಲ. ಬೆಟ್ಟದ ದಾರಿಯಲ್ಲಿ ಅದರ ತೂಕ ಗೊತ್ತಾಗುತ್ತದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಮೊದಲ ಬಾರಿ ಹಿಮಾಲಯದ ಚಾರಣಕ್ಕೆ ಹೋದಾಗ ನನ್ನ ಚೀಲ 19 ಕಿಲೋ ತೂಗುತ್ತಿತ್ತು. ಉತ್ತರಾಖಂಡದ ಸಾಂಕ್ರಿಯಿಂದ ಹರ್ ಕಿ ದೂನ್ ಕಣಿವೆಗೆ ಹೋಗುವ ದಾರಿ ಅದು. ಎರಡನೆಯ ದಿನ ಮಧ್ಯಾಹ್ನ ಮಂಡಿ ಕೈಕೊಟ್ಟಿತು. ಜೊತೆಗಿದ್ದ ಹಳ್ಳಿಯವರೊಬ್ಬರು ಮಾತಿಲ್ಲದೆ ನನ್ನ ಚೀಲವನ್ನು ತಮ್ಮ ಹೊರೆಯ ಮೇಲೇ ಹೇರಿಕೊಂಡು ನಡೆದರು. ಊರಿಗೆ ಬಂದು ಚೀಲ ಬಿಚ್ಚಿದಾಗ ಎರಡು ಜೀನ್ಸ್, ಒಂದು ಸ್ಟೀಲ್ ಡಬ್ಬಿ, ಆ ದಪ್ಪ ಪುಸ್ತಕ ಎಲ್ಲವೂ ಮಡಿಕೆ ಮುರಿಯದೆ ಹಾಗೇ ಇದ್ದವು. ನನ್ನ ಭಯವನ್ನೂ ಸೋಮಾರಿತನವನ್ನೂ ಇನ್ನೊಬ್ಬರ ಬೆನ್ನು ಹೊತ್ತಿತ್ತು. ಆ ನಾಚಿಕೆಯಿಂದ ಕಲಿತ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ತೂಕ ಏನು ಮಾಡುತ್ತದೆ?

ಮೊದಲು ಸ್ವಲ್ಪ ಭೌತಶಾಸ್ತ್ರ. 7 ಕಿಲೋ ಹೆಚ್ಚಿನ ಭಾರವನ್ನು 1,500 ಮೀಟರ್ ಎತ್ತರಕ್ಕೆ ಒಯ್ಯುತ್ತೀರಿ ಎನ್ನಿ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೆಚ್ಚುಕಡಿಮೆ ಅಷ್ಟು ಏರಬೇಕು. ಅದಕ್ಕೆ ಬೇಕಾದ ಕೆಲಸ ಸುಮಾರು 25 ಕಿಲೋಕ್ಯಾಲರಿ. ನಮ್ಮ ಸ್ನಾಯುಗಳು ತಿಂದ ಶಕ್ತಿಯ ಕಾಲು ಭಾಗವನ್ನಷ್ಟೇ ಕೆಲಸವಾಗಿ ಪರಿವರ್ತಿಸುತ್ತವೆ. ಆದ್ದರಿಂದ ದೇಹಕ್ಕೆ ಬೀಳುವ ಖರ್ಚು ಸುಮಾರು 100 ಕಿಲೋಕ್ಯಾಲರಿ, ಅಂದರೆ ಒಂದು ಸಣ್ಣ ಹಿಡಿ ಕಡಲೆಬೀಜ! ಇಷ್ಟೇ ಆದರೆ ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ನೀವು ಕೇಳಬಹುದು.

ಪೆಟ್ಟು ಬೀಳುವುದು ಬೇರೆ ಕಡೆ. ಇಳಿಯುವ ದಾರಿ ಹನ್ನೆರಡು ಕಿಲೋಮೀಟರು, ಒಂದು ಹೆಜ್ಜೆ 60 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಒಟ್ಟು 20,000 ಹೆಜ್ಜೆ. ಪ್ರತಿ ಹೆಜ್ಜೆಯಲ್ಲಿ ಒಂದು ಕಾಲು ಆ 7 ಕಿಲೋವನ್ನು ತಡೆದು ನಿಲ್ಲಿಸಬೇಕು. ಕೂಡಿಸಿದರೆ 140 ಟನ್. ಹತ್ತು ಟನ್ನಿನ ಹದಿನಾಲ್ಕು ಲಾರಿ. ಇಳಿಜಾರಿನಲ್ಲಿ ಮಂಡಿಯ ಕೀಲಿನ ಮೇಲೆ ಬೀಳುವ ಒತ್ತಡ ಹೊತ್ತ ತೂಕಕ್ಕಿಂತ ಹಲವು ಪಟ್ಟು ಹೆಚ್ಚು. ಹೊಟ್ಟೆಯ ಹಸಿವನ್ನು ಕಡಲೆಬೀಜ ತೀರಿಸೀತು. ಮಂಡಿಯ ನೋವಿಗೆ ದಾರಿಯಲ್ಲಿ ಮದ್ದಿಲ್ಲ. ಜೊತೆಗೆ ಭಾರ ಹೊತ್ತವನ ಸಮತೋಲನ ಬೇಗ ತಪ್ಪುತ್ತದೆ. ಸಂಜೆಯ ಹೊತ್ತಿಗೆ, ದಣಿದಾಗ, ಒದ್ದೆ ಕಲ್ಲಿನ ಮೇಲೆ ಕಾಲು ಜಾರುವುದು ಇದರಿಂದಲೇ.

‘ಇರುವೆಗೆ ಇರುವೆ ಭಾರ, ಆನೆಗೆ ಆನೆ ಭಾರ’ ಎನ್ನುತ್ತದೆ ಗಾದೆ. ಎಷ್ಟು ಹೊರಬಹುದು ಎಂಬುದು ಅವರವರ ದೇಹದ ಮಾತು. ಸಾಧಾರಣ ಆರೋಗ್ಯವಂತರು ತಮ್ಮ ದೇಹತೂಕದ ಐದರಲ್ಲೊಂದು ಪಾಲನ್ನು ಮಿತಿ ಎಂದುಕೊಂಡರೆ ಒಳ್ಳೆಯದು. 60 ಕಿಲೋ ತೂಗುವವರಿಗೆ 12 ಕಿಲೋ, ನೀರೂ ಊಟವೂ ಸೇರಿ.

ಮೊದಲು ತಕ್ಕಡಿ, ಆಮೇಲೆ ಚೀಲ

ಹಗುರವಾಗಬೇಕೆಂದು ಹೊರಟವರು ಸಾಮಾನ್ಯವಾಗಿ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವುದರಿಂದ ಆರಂಭಿಸುತ್ತಾರೆ. ಅದರಿಂದ ಉಳಿಯುವುದು ಕೆಲವೇ ಗ್ರಾಂ. ನಿಜವಾದ ತೂಕ ಇರುವುದು ಮೂರು ವಸ್ತುಗಳಲ್ಲಿ: ಚೀಲ, ಡೇರೆ ಮತ್ತು ಮಲಗುವ ಚೀಲ, ಅಂದರೆ ಸ್ಲೀಪಿಂಗ್ ಬ್ಯಾಗ್. ಹಳೆಯ ಮಾದರಿಯವಾದರೆ ಈ ಮೂರೇ ಏಳೆಂಟು ಕಿಲೋ ತೂಗುತ್ತವೆ. ಇಬ್ಬರು ಒಂದು ಡೇರೆಯನ್ನು ಹಂಚಿಕೊಂಡು, ಬಟ್ಟೆ ಒಬ್ಬರ ಚೀಲದಲ್ಲೂ ಕಂಬಗಳು ಮತ್ತೊಬ್ಬರ ಚೀಲದಲ್ಲೂ ಹೋದರೆ ಒಂದೂವರೆ ಕಿಲೋ ಅಲ್ಲೇ ಉಳಿಯುತ್ತದೆ. ದೊಡ್ಡ ಚೀಲ ಕೊಂಡರೆ ಕೈ ಸುಮ್ಮನಿರುವುದಿಲ್ಲ, ತುಂಬುತ್ತದೆ. ಆದ್ದರಿಂದ ಸಾಮಾನೆಲ್ಲ ಒಟ್ಟಾದ ಮೇಲೆ ಅದಕ್ಕೆ ತಕ್ಕ ಚೀಲವನ್ನು ಆರಿಸಿ. ಕೊಳ್ಳಲೇಬೇಕೆಂದಿಲ್ಲ, ಚಾರಣ ಸಾಮಗ್ರಿ ಬಾಡಿಗೆಗೂ ಸಿಗುತ್ತದೆ.

ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಹಾಳೆಯಲ್ಲಿ ಬರೆಯಿರಿ. ನಾಲ್ಕು ದಿನದ ನಡಿಗೆಗೆ, ಡೇರೆ ಹಂಚಿಕೊಳ್ಳುವ ಇಬ್ಬರಲ್ಲಿ ಒಬ್ಬರ ಲೆಕ್ಕ ಹೀಗಿರಬಹುದು:

ಬೆನ್ನುಚೀಲ – 1.4 ಕಿಲೋ
ಡೇರೆಯ ಅರ್ಧ ಪಾಲು – 1.2 ಕಿಲೋ
ಮಲಗುವ ಚೀಲ – 1.3 ಕಿಲೋ
ಕೆಳಗೆ ಹಾಸುವ ಫೋಮ್ ಚಾಪೆ – 0.4 ಕಿಲೋ
ಬದಲಿ ಬಟ್ಟೆ, ಚಳಿಯುಡುಪು, ಮಳೆಯಂಗಿ – 2.0 ಕಿಲೋ
ಒಲೆ, ಪಾತ್ರೆ, ಇಂಧನದ ಪಾಲು – 0.6 ಕಿಲೋ
ಟಾರ್ಚ್, ಔಷಧ, ದಿಕ್ಸೂಚಿ, ಸಣ್ಣಪುಟ್ಟವು – 0.7 ಕಿಲೋ
ನಾಲ್ಕು ದಿನದ ಆಹಾರ – 2.6 ಕಿಲೋ
ನೀರು – 1.5 ಕಿಲೋ

ಒಟ್ಟು 11.7 ಕಿಲೋ. ದುಬಾರಿ ವಿದೇಶಿ ಸಾಮಗ್ರಿ ಇಲ್ಲದೆಯೂ ಇದು ಸಾಧ್ಯ. ಗುಂಪಿನಲ್ಲಿ ನಾಲ್ವರಿದ್ದರೆ ನಾಲ್ಕು ಚಾಕು, ನಾಲ್ಕು ಟೂತ್‌ಪೇಸ್ಟ್, ನಾಲ್ಕು ಔಷಧದ ಪೆಟ್ಟಿಗೆ ಬೇಡ. ಹೊರಡುವ ವಾರ ಮೊದಲೇ ಒಂದು ಸಂಜೆ ಎಲ್ಲರೂ ಕುಳಿತು ಯಾರು ಏನು ತರಬೇಕು ಎಂದು ನಿರ್ಧರಿಸಿ. ಅವರವರು ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಮಾತ್ರ ಅವರವರ ಬಳಿಯೇ ಇರಬೇಕು.

ಬುತ್ತಿಯ ಜಾಣತನ

ಒಂದು ಲೀಟರ್ ನೀರು ಒಂದು ಕಿಲೋ. ಇದಕ್ಕೆ ಯಾವ ಉಪಾಯವೂ ಇಲ್ಲ. ಆದರೆ ಹೊಳೆ ತೊರೆಗಳಿರುವ ದಾರಿಯಲ್ಲಿ ಇಡೀ ದಿನದ ನೀರನ್ನು ಬೆಳಿಗ್ಗೆಯೇ ಹೊರುವುದು ಬೇಡ. ಮುಂದಿನ ನೀರು ಎಲ್ಲಿ ಸಿಗುತ್ತದೆ ಎಂದು ಸ್ಥಳೀಯರನ್ನು ಕೇಳಿಕೊಂಡು ಅಲ್ಲಿಯವರೆಗೆ ಸಾಕಾಗುವಷ್ಟನ್ನೂ ಇನ್ನು ಸ್ವಲ್ಪವನ್ನೂ ಒಯ್ಯಿರಿ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಕುಡಿಯಿರಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ. ಮಾತ್ರೆಗಳ ಇಡೀ ಪಟ್ಟಿಯ ತೂಕ ಕೆಲವೇ ಗ್ರಾಂ.

ಆಹಾರದ ವಿಷಯದಲ್ಲಿ ನಾವು ಹೊರಗಿನವರಿಂದ ಕಲಿಯಬೇಕಾದ್ದು ಕಡಿಮೆ. ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ದೂರದ ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಕಟ್ಟಿಕೊಳ್ಳುತ್ತಿದ್ದುದು ಒಣ ಬುತ್ತಿಯನ್ನೇ: ಅವಲಕ್ಕಿ, ಹುರಿಹಿಟ್ಟು, ತಂಬಿಟ್ಟು, ಉತ್ತರ ಕರ್ನಾಟಕದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ. ನೀರಿಲ್ಲದ ಆಹಾರ ಹಗುರ, ಬೇಗ ಕೆಡುವುದಿಲ್ಲ. ನೂರು ಗ್ರಾಂ ಬೇಯಿಸಿದ ಅನ್ನದಲ್ಲಿ ಸುಮಾರು 130 ಕಿಲೋಕ್ಯಾಲರಿ ಇದ್ದರೆ ಅಷ್ಟೇ ಅವಲಕ್ಕಿಯಲ್ಲಿ 350ರ ಆಸುಪಾಸು, ಕಡಲೆಬೀಜದಲ್ಲಿ 560ಕ್ಕೂ ಹೆಚ್ಚು. ಒಂದು ಗ್ರಾಂ ಕೊಬ್ಬಿನಲ್ಲಿ 9, ಪಿಷ್ಟದಲ್ಲಿ 4 ಕಿಲೋಕ್ಯಾಲರಿ ಇರುವುದರಿಂದ ಈ ವ್ಯತ್ಯಾಸ. ದಿನಕ್ಕೆ ತಲಾ 600ರಿಂದ 700 ಗ್ರಾಂ ಒಣ ಆಹಾರ, ಅದರಲ್ಲಿ ಒಂದಿಷ್ಟು ಕಡಲೆಬೀಜ, ಕೊಬ್ಬರಿ, ಬೆಲ್ಲ, ತುಪ್ಪ ಇದ್ದರೆ ನಾಲ್ಕು ದಿನ ನಡೆಯಬಹುದು.

ಎತ್ತರದಲ್ಲಿ ಅವಲಕ್ಕಿಗೆ ಇನ್ನೊಂದು ಗುಣವಿದೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಹರ್ ಕಿ ದೂನಿನಂತಹ 3,500 ಮೀಟರ್ ಎತ್ತರದ ಜಾಗದಲ್ಲಿ ಅದು ಕುದಿಯುವುದು ಸುಮಾರು 88 ಡಿಗ್ರಿಗೆ. ರೋಗಾಣು ಸಾಯಲು ಅದು ಸಾಕು. ಎತ್ತರದಲ್ಲಿ ಮೂರು ನಿಮಿಷ ಕುದಿಸಿದರಾಯಿತು. ಆದರೆ ಅಕ್ಕಿ, ಬೇಳೆ ಬೇಯಲು ಬಹಳ ಹೊತ್ತು ಬೇಕು, ಅಷ್ಟು ಇಂಧನವೂ ಬೇಕು. ಅವಲಕ್ಕಿಗೆ ಬಿಸಿನೀರು ಸುರಿದರೆ ಊಟ ಸಿದ್ಧ. ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ: ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು. ಬಿಸ್ಕತ್ತು, ಸಾಬೂನಿನ ರಟ್ಟಿನ ಹೊದಿಕೆಗಳನ್ನು ಮನೆಯಲ್ಲೇ ಬಿಚ್ಚಿಡಿ. ತೂಕವೂ ಇಳಿಯುತ್ತದೆ, ಬೆಟ್ಟದಲ್ಲಿ ಕಸವೂ ಆಗುವುದಿಲ್ಲ. ಉಳಿದ ಕಸ ನಿಮ್ಮೊಂದಿಗೇ ಹಿಂದಿರುಗಲಿ.

ಯಾವುದಕ್ಕೆ ಕೈ ಹಾಕಬಾರದು

ಇಲ್ಲಿಯವರೆಗೆ ಹೇಳಿದ್ದು ತೆಗೆಯುವ ಮಾತು. ಇನ್ನು ತೆಗೆಯಬಾರದ ಮಾತು, ಇದೇ ಮುಖ್ಯವಾದದ್ದು.

2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಚಾರಣಿಗರು ಪ್ರಾಣ ಕಳೆದುಕೊಂಡರು. ಆ ದುರಂತದ ಕಾರಣಗಳ ಬಗ್ಗೆ ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಬೇಸಿಗೆಯ ತಿಂಗಳಲ್ಲೂ ಎತ್ತರದ ಹವೆ ಕೆಲವೇ ಗಂಟೆಗಳಲ್ಲಿ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ನಮ್ಮ ಊರಿನ ಮನೆಗಳೇ ಆಗ ಕಂಡವು.

ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅದರ ಮೇಲೆ ಗಾಳಿ, ಅದರ ಮೇಲೆ ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿ ಬಟ್ಟೆ ಬೆವರನ್ನೂ ಮಳೆಯನ್ನೂ ಹೀರಿ ಮೈಗಂಟಿಕೊಂಡು ದೇಹದ ಬಿಸಿಯನ್ನು ಹೊರಗೆ ಸುರಿಯುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ಸ್ಥಿತಿ. ಮೊದಲು ನಡುಕ, ಆಮೇಲೆ ಮಾತಿನ ತೊದಲು, ಕೊನೆಗೆ ವಿವೇಚನೆಯೇ ಮಂಕಾಗುತ್ತದೆ. ಇದರಿಂದ ಬಳಲುವವರಿಗೆ ತಮಗೇನಾಗುತ್ತಿದೆ ಎಂದು ತಿಳಿಯದಿರುವುದೇ ಇದರ ಭೀಕರತೆ.

ಆದ್ದರಿಂದ ಜೀನ್ಸ್ ಬಿಡಿ, ಉಣ್ಣೆ ಬಿಡಬೇಡಿ. ಒದ್ದೆಯಾದರೂ ಉಣ್ಣೆ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಹಕ್ಕಿಯ ಮೃದುಗರಿ ತುಂಬಿದ ಜಾಕೆಟ್ ಬಲು ಹಗುರ. ಆದರೆ ನೆನೆದರೆ ಮುದುಡಿ ನಿಷ್ಪ್ರಯೋಜಕವಾಗುವುದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕಟ್ಟಿಡಬೇಕು. ಬಟ್ಟೆಯ ಸೂತ್ರ ಸರಳ: ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ. ಮಲಗುವ ಜೊತೆ ಎಂದೂ ಒದ್ದೆಯಾಗಕೂಡದು. ಇವುಗಳ ಜೊತೆ ಉಣ್ಣೆ ಟೋಪಿ, ಕೈಗವಸು, ಮಳೆಯಂಗಿ, ಹಣೆಗೆ ಕಟ್ಟುವ ಟಾರ್ಚ್, ಬೆಂಕಿಪೊಟ್ಟಣ, ಸೀಟಿ, ಒಂದು ಹೊತ್ತಿನ ಹೆಚ್ಚುವರಿ ಊಟ. ನಾಲ್ಕು ದಿನದಲ್ಲಿ ಒಮ್ಮೆಯೂ ಬಳಸದಿದ್ದರೂ ಇವನ್ನು ಬಿಡಬಾರದು. ‘ಇರಲಿ’ ಎಂಬ ಮಾತು ಸಲ್ಲುವುದು ಇವುಗಳಿಗೆ ಮಾತ್ರ.

ಪಾದರಕ್ಷೆಯ ಬಗ್ಗೆ ಒಂದು ಮಾತು. ಪಾದದ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕೈದು ಕಿಲೋವಿನಷ್ಟು ದಣಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹಿಮವಿಲ್ಲದ ದಾರಿಗೆ ಸೇನೆಯ ಬೂಟಿನಂಥ ಭಾರದ ಬೂಟು ಬೇಡ. ಒಳ್ಳೆಯ ಹಿಡಿತವಿರುವ, ಈಗಾಗಲೇ ಕಾಲಿಗೆ ಒಗ್ಗಿದ ಹಗುರ ಬೂಟು ಸಾಕು.

ಹಗುರ ಹೊರೆಯ ಕಥೆಗಳಲ್ಲಿ ಎಲ್ಲರೂ ನೆನೆಯುವ ಹೆಸರು ಅಮೆರಿಕದ ಎಮ್ಮಾ ಗೇಟ್‌ವುಡ್ ಅವರದು. ಹನ್ನೊಂದು ಮಕ್ಕಳ ಈ ತಾಯಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅಪಲಾಚಿಯನ್ ಚಾರಣಮಾರ್ಗದ 3,200 ಕಿಲೋಮೀಟರಿಗೂ ಹೆಚ್ಚು ದೂರವನ್ನು ಒಬ್ಬರೇ ನಡೆದರು. ಕಾಲಿಗೆ ಕ್ಯಾನ್‌ವಾಸ್ ಬೂಟು, ಹೆಗಲಿಗೆ ತಾವೇ ಹೊಲಿದ ಜೋಳಿಗೆ, ಹೊದೆಯಲು ಸೇನೆಯ ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಧೈರ್ಯವನ್ನು ಅವರಿಂದ ಕಲಿಯೋಣ, ಆದರೆ ಅವರ ಪಟ್ಟಿಯನ್ನು ಹಿಮಾಲಯಕ್ಕೆ ನಕಲು ಮಾಡುವುದು ಬೇಡ. ಅವರ ದಾರಿಯ ಅತಿ ಎತ್ತರದ ಜಾಗವೂ ಹರ್ ಕಿ ದೂನಿಗಿಂತ ಬಹಳ ಕೆಳಗಿದೆ.

ಹಗುರವಾದವರಿಗೆ ಇನ್ನೊಂದು ಅಪಾಯವಿದೆ: ಅವರು ಬೇಗ ನಡೆಯುತ್ತಾರೆ. ಕಾಲಿಗೆ ದಣಿವಾಗದಿದ್ದರೂ ದೇಹ ತೆಳುಗಾಳಿಗೆ ಒಗ್ಗಿಕೊಳ್ಳಲು ಹೊತ್ತು ಬೇಕು. 3,000 ಮೀಟರ್ ದಾಟಿದ ಮೇಲೆ ಒಂದು ದಿನದ ಮಲಗುವ ಜಾಗಕ್ಕೂ ಮರುದಿನದ್ದಕ್ಕೂ 500 ಮೀಟರಿಗಿಂತ ಹೆಚ್ಚು ಏರದಿರುವುದು ಒಳ್ಳೆಯ ನಿಯಮ. ತಲೆನೋವು, ವಾಕರಿಕೆ ಕಂಡರೆ ಮೇಲೆ ಏರಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ.

ಯಾರ ಬೆನ್ನಿಗೆ?

ಕೂಲಿಗೆ ಜನರಿದ್ದಾರೆ, ಹೇಸರಗತ್ತೆಗಳಿವೆ, ಮತ್ತೇಕೆ ಈ ಗ್ರಾಂ ಲೆಕ್ಕ ಎನ್ನುವವರಿದ್ದಾರೆ. ಹೊರೆ ಹೊರುವುದು ಬೆಟ್ಟದ ಹಳ್ಳಿಗಳ ಜೀವನೋಪಾಯ, ಅವರಿಗೆ ಕೆಲಸ ಕೊಡುವುದು ಸರಿಯೇ. ಆದರೆ ಭೌತಶಾಸ್ತ್ರದ ನಿಯಮ ಅವರ ಮಂಡಿಗೂ ಒಂದೇ. ಅವರಿಗೂ ಬೆಚ್ಚನೆಯ ಉಡುಪು, ಮಳೆಯಂಗಿ, ಮಲಗಲು ಜಾಗ ಇದೆಯೇ ಎಂದು ಹೊರಡುವ ಮೊದಲೇ ನೋಡಿ. ನಿಮಗೆ ಬೇಡದ ಭಾರವನ್ನು ಅವರ ಬೆನ್ನಿಗೆ ವರ್ಗಾಯಿಸಿದರೆ ಅದು ಹಗುರವಾದಂತಲ್ಲ.

ಹಿಮಾಲಯಕ್ಕೆ ಹೊರಡುವ ತಿಂಗಳ ಮೊದಲು, ಅರಣ್ಯ ಇಲಾಖೆಯ ಅನುಮತಿ ಪಡೆದು ಹತ್ತಿರದ ಯಾವುದಾದರೂ ಬೆಟ್ಟವನ್ನು ಅದೇ ಚೀಲ, ಅದೇ ತೂಕ ಹೊತ್ತು ಹತ್ತಿ ಇಳಿಯಿರಿ. ಹಿಂದಿರುಗಿದ ಮೇಲೆ ಚೀಲವನ್ನು ನಡುಮನೆಯಲ್ಲಿ ಸುರಿದು ಮೂರು ಗುಡ್ಡೆ ಮಾಡಿ: ಮತ್ತೆ ಮತ್ತೆ ಬಳಸಿದ್ದು, ಒಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು. ಮೂರನೆಯ ಗುಡ್ಡೆಯಿಂದ ಔಷಧ, ಮಳೆಯಂಗಿ, ಚಳಿಯುಡುಪುಗಳನ್ನು ಚೀಲಕ್ಕೆ ಮರಳಿಸಿ. ಉಳಿದದ್ದು ಕಪಾಟಿಗೆ.

ಅಷ್ಟರಲ್ಲಿ ಅಮ್ಮ ಸ್ಟೀಲ್ ಡಬ್ಬಿಯ ತುಂಬ ಎಳ್ಳುಂಡೆ ತಂದು “ಇದೊಂದು ಇರಲಿ” ಎಂದರೆ ಬೇಡ ಎನ್ನಬೇಡಿ. ಎಳ್ಳು, ಬೆಲ್ಲ ಎರಡೂ ಬೆಟ್ಟಕ್ಕೆ ಹೇಳಿ ಮಾಡಿಸಿದ ಆಹಾರ. ಉಂಡೆ ಇರಲಿ, ಡಬ್ಬಿ ಬೇಡ.