ಅಕ್ಟೋಬರ್ ಚಾಟನಿಯ ನಂತರ ದ್ರಾಕ್ಷಿ ಚಿಗುರಿನ ರಕ್ಷಣೆ

ಶೀತ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ವಸಂತದಲ್ಲಿ ಚಿಗುರುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಾದರೋ ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಎರಡು ಸಲ ಚಾಟನಿ ಮಾಡುತ್ತಾರೆ. ಹೀಗಾಗಿ ಫಲ ಹೊರುವ ಚಿಗುರು ಹಿಂಗಾರಿ ಮಳೆಗೆ ಸಿಕ್ಕುತ್ತದೆ.

ಈ ಸಮಯದಲ್ಲಿ ರೈತರು ಡೌನಿ ಎನ್ನುವ ಬೂಜು ತುಪ್ಪಟ ರೋಗದ ಭಯ ಹೆಚ್ಚು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಕೆಳಗೆ ಬಿಳಿ ಬೂಷ್ಟು ಇದರ ಗುರುತು. ಎಲೆ ಹೋದರೆ ಬೇರೆ ಬಂದೀತು; ಒಣಗಿದ ಹೂಗೊಂಚಲು ಆ ವರ್ಷ ಮರಳಿ ಬಾರದು. ಆದುದರಿಂದ ಮಚ್ಚೆ ಕಾಣುವವರೆಗೆ ಕಾಯಬಾರದು.

ರೋಗದ ಬೀಜಕಣಗಳು ಉದುರಿದ ಎಲೆಗಳಲ್ಲಿ ಉಳಿಯುವುದರಿಂದ ಚಾಟನಿಯ ಕಸವನ್ನು ತೋಟದ ಹೊರಗೆ ಸಾಗಿಸಬೇಕು. ಕೂಡಲೇ ಬಳ್ಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಟ್ಟ ಸುಣ್ಣಗಳನ್ನು ಬೇರೆ ಬೇರೆಯಾಗಿ 50 ಲೀಟರ್ ನೀರಿನಲ್ಲಿ ಕರಗಿಸಿ ಕೂಡಿಸಬೇಕು. ಅದರಲ್ಲಿ ಅದ್ದಿದ ಕಬ್ಬಿಣದ ಚಾಕು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು. ಇಲ್ಲವಾದರೆ ಕಣ್ಣುಗಳು ಸುಡುತ್ತವೆ.

3ರಿಂದ 5 ಎಲೆ ಬಿಟ್ಟಾಗ, ಮಳೆಗೆ ಮೊದಲೇ, ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಬೇಕು. ಎಲೆಯ ಕೆಳಭಾಗ ಚೆನ್ನಾಗಿ ತೊಯ್ಯಬೇಕು. ರೋಗ ಒಳಹೋಗುವುದು ಅಲ್ಲಿನ ಪತ್ರರಂಧ್ರಗಳಿಂದಲೇ. ಹೆಚ್ಚಾದ ಚಿಗುರು ಚಿವುಟಿದರೆ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ, ಗೊಂಚಲು ಉಳಿಯುತ್ತದೆ.