ಪ್ರಮಾಣಪತ್ರ ಬರುವ ದಾರಿ

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾಡಕಚೇರಿಗಳ ಮುಂದೆ ಸಾಲು ಬೆಳೆಯುತ್ತದೆ. ಸಿಇಟಿ ಸೀಟಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ವಿದ್ಯಾರ್ಥಿವೇತನಕ್ಕೂ ಬೇಕು, ಹಾಸ್ಟೆಲಿಗೂ ಬೇಕು. ಕೊನೆಯ ದಿನಾಂಕ ಹತ್ತಿರ ಬಂದಿರುತ್ತದೆ. ಹೊರಗೆ ಮಳೆ. ಅಷ್ಟರಲ್ಲಿ ಕಿಟಕಿಯ ಒಳಗಿನಿಂದ ಮಾತು ಕೇಳಿಬರುತ್ತದೆ: ‘ಸರ್ವರ್ ಡೌನ್, ನಾಳೆ ಬನ್ನಿ.’

ಈ ಮಾತು ಈಗ ಹಳ್ಳಿಯ ಅಜ್ಜಿಗೂ ಗೊತ್ತು. ಆದರೆ ಕೆಟ್ಟಿರುವುದು ನಿಜವಾಗಿಯೂ ಸರ್ವರೇ? ಹಲವು ಸಲ ಅಲ್ಲ. ಬೆಂಗಳೂರಿನಲ್ಲಿರುವ ಯಂತ್ರ ನೆಟ್ಟಗೇ ಇರುತ್ತದೆ. ಅದನ್ನು ತಲುಪುವ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಆ ದಾರಿಯನ್ನು ಯೋಜಿಸುವುದೇ ಒಂದು ವಿದ್ಯೆ. ಗಣಕ ವಿಜ್ಞಾನ ಓದಬಯಸುವವರು ತಿಳಿದಿರಬೇಕಾದ ವಿದ್ಯೆಯೂ ಹೌದು.

ತಾಲ್ಲೂಕಿನಿಂದ ರಾಜಧಾನಿಗೆ

ಮೊದಲು ವ್ಯವಸ್ಥೆ ಹೀಗಿರಲಿಲ್ಲ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ಆಯಾ ತಾಲ್ಲೂಕಿನ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲೇ ಇದ್ದವು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಬಂದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುತ್ತಿತ್ತು. ಸಾಗರದ ಯಂತ್ರ ಕೈಕೊಟ್ಟರೆ ತೊಂದರೆ ಸಾಗರಕ್ಕಷ್ಟೇ. ತೀರ್ಥಹಳ್ಳಿಯ ಕೆಲಸ ನಿಲ್ಲುತ್ತಿರಲಿಲ್ಲ.

ಆದರೆ ತಾಲ್ಲೂಕಿಗೊಂದು ಸರ್ವರ್, ಅದಕ್ಕೊಂದು ಬ್ಯಾಟರಿ, ಒಂದು ತಂಪು ಕೋಣೆ, ರಿಪೇರಿ ಬಲ್ಲ ಒಬ್ಬ ತಜ್ಞ ಎಂದರೆ ಖರ್ಚು ಬೆಟ್ಟದಷ್ಟಾಗುತ್ತದೆ. 2005ರಲ್ಲಿ ಕೇಂದ್ರ ಸರ್ಕಾರ ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಒಪ್ಪಿಗೆ ನೀಡಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕ ಕಲ್ಪಿಸುವುದು ಅದರ ಉದ್ದೇಶ. ದಾರಿ ಸಿಕ್ಕ ಮೇಲೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದು ಸೇರಿದವು. 2012ರಲ್ಲಿ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಈಗ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಪರೀಕ್ಷಾ ಪ್ರಾಧಿಕಾರ ಗಣಕದಲ್ಲೇ ತಾಳೆ ನೋಡುತ್ತದೆ. ಅಂದರೆ ಆ ದಾರಿ ಎರಡು ಸಲ ಬೇಕು: ಪತ್ರ ಕೊಡುವಾಗ ಒಮ್ಮೆ, ಅದು ನಿಜವೆಂದು ಒಪ್ಪುವಾಗ ಇನ್ನೊಮ್ಮೆ.

ವಠಾರದ ಲೆಕ್ಕ

ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಬಳಕೆಗೆ ಬಂದ ಒಂದು ಬಗೆಯ ಯಂತ್ರ ‘ಬ್ಲೇಡ್ ಸರ್ವರ್’. 2001ರ ಸುಮಾರಿಗೆ ಇದು ಮಾರುಕಟ್ಟೆಗೆ ಬಂತು. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ, ಸುಮಾರು ಒಂದೂವರೆ ಅಡಿ ಎತ್ತರದ ಒಂದು ಗೂಡಿನಲ್ಲಿ ತೆಳ್ಳಗಿನ 16 ಸರ್ವರ್‌ಗಳನ್ನು ಜೋಡಿಸಬಹುದು. ವಿದ್ಯುತ್ತು, ಫ್ಯಾನು, ಜಾಲದ ಸಂಪರ್ಕ ಎಲ್ಲವೂ ಗೂಡಿನವು. 16 ಸರ್ವರ್‌ಗಳೂ ಹಂಚಿಕೊಳ್ಳುತ್ತವೆ.

ಇದಕ್ಕೆ ಇನ್ನೊಂದು ಉಪಾಯ ಸೇರಿತು. ಒಂದು ಯಂತ್ರವನ್ನು ತಂತ್ರಾಂಶದ ಬಲದಿಂದ ಹಲವು ಯಂತ್ರಗಳಂತೆ ನಡೆಸುವುದು. ಐಬಿಎಂ ಕಂಪನಿ 1972ರಲ್ಲೇ ತನ್ನ ಭಾರಿ ಗಣಕಗಳಿಗೆ ಇದನ್ನು ಮಾರಾಟಕ್ಕೆ ತಂದಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಸಾಧಾರಣ ಗಣಕಗಳಲ್ಲೂ ಇದನ್ನು ರೂಢಿಗೆ ತಂದಿತು. ಹೀಗೆ ಹುಟ್ಟುವ ತೋರಿಕೆಯ ಯಂತ್ರಗಳಿಗೆ ‘ವರ್ಚುವಲ್ ಯಂತ್ರ’ ಎಂದು ಹೆಸರು. ಒಂದು ಬ್ಲೇಡಿನಲ್ಲಿ ಇಂಥ 20 ಇವೆ ಎಂದುಕೊಂಡರೆ ಒಂದು ಗೂಡಿನಲ್ಲಿ 320 ಆದವು.

ಇದು ವಠಾರವಿದ್ದಂತೆ. ಒಂದೇ ಸೂರು, ಹತ್ತಾರು ಸಂಸಾರ, ಖರ್ಚು ಕಡಿಮೆ. ಆದರೆ ವಠಾರಕ್ಕೆ ಇರುವ ಬಾಗಿಲು ಒಂದೇ ಆಗಿ, ಆ ಬಾಗಿಲು ಕಟ್ಟಿಕೊಂಡರೆ? ಎಲ್ಲ ಸಂಸಾರಗಳೂ ಒಳಗೇ ಉಳಿಯುತ್ತವೆ. ಜಾಲ ವಿನ್ಯಾಸದ ಚಿಂತೆ ಶುರುವಾಗುವುದೇ ಇಲ್ಲಿ. ಯಂತ್ರಗಳನ್ನು ಒಂದೆಡೆ ಸೇರಿಸಿದಷ್ಟೂ ದಾರಿಗಳನ್ನು ಹೆಚ್ಚಿಸಬೇಕು.

ತುಮರಿ ಹೇಳುವ ಪಾಠ

ಈ ಮಾತನ್ನು ಸಾಗರ ತಾಲ್ಲೂಕಿನ ತುಮರಿ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹಬ್ಬಿದ ಮೇಲೆ ಸಾಗರ ಪೇಟೆಗೆ ಅವರ ನೇರ ದಾರಿ ಲಾಂಚ್ ಒಂದೇ ಆಯಿತು. ಕೊನೆಯ ಲಾಂಚ್ ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. ಆ ಸುತ್ತುದಾರಿ ಬಲು ದೂರ, ನಿಜ. ಆದರೂ ಅದೊಂದು ಇದ್ದದ್ದರಿಂದ ಹೊತ್ತು ಮೀರಿದ ಮೇಲೂ ರೋಗಿಯನ್ನು ಸಾಗಿಸಬಹುದಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು.

ಗೂಡಿನೊಳಗಿನ ಲೆಕ್ಕವೂ ಇದೇ. ಪ್ರತಿ ಬ್ಲೇಡಿನಿಂದ ಎರಡು ದಾರಿ ಹೊರಡಬೇಕು. ಅವು ಎರಡು ಬೇರೆ ಸ್ವಿಚ್‌ಗಳಿಗೆ ಹೋಗಬೇಕು. ಆ ಸ್ವಿಚ್‌ಗಳು ಮೇಲಿನ ಇನ್ನೆರಡು ಸ್ವಿಚ್‌ಗಳಿಗೆ ಸೇರಬೇಕು. ಯಾವುದೇ ಒಂದು ಕೆಟ್ಟರೂ ಇನ್ನೊಂದು ಹೊರೆ ಹೊರಬೇಕು.

ಅಗಲವೂ ಮುಖ್ಯ. 16 ಬ್ಲೇಡುಗಳು ತಲಾ 10 ಗಿಗಾಬಿಟ್ ಕಳಿಸಿದರೆ ಒಟ್ಟು 160. ಗೂಡಿನಿಂದ ಮೇಲಕ್ಕೆ ಹೋಗುವ ತಂತಿಗಳು 10ರ ನಾಲ್ಕೇ ಇದ್ದರೆ ಸಿಗುವುದು 40. ನಾಲ್ಕು ಬಂಡಿಯ ಸರಕಿಗೆ ಒಂದು ಬಂಡಿಯ ದಾರಿ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲವೆಂಬ ಭರವಸೆಯ ಮೇಲೆ ಇದು ನಡೆಯುತ್ತದೆ. ಕೊನೆಯ ದಿನಾಂಕದಂದು ಎಲ್ಲರೂ ಒಟ್ಟಿಗೇ ಹೊರಡುತ್ತಾರೆ!

ಎರಡು ದಾರಿಯ ತೊಡಕು

ಹಾಗಾದರೆ ಹತ್ತು ತಂತಿ ಎಳೆದರಾಯಿತಲ್ಲ ಎನ್ನಬಹುದು. ಅಲ್ಲೊಂದು ತೊಡಕಿದೆ. ಸ್ವಿಚ್‌ಗಳನ್ನು ಬಳಸು ದಾರಿಯಲ್ಲಿ ಜೋಡಿಸಿದರೆ, ಎಲ್ಲರಿಗೂ ಕಳಿಸಿದ ಒಂದು ಸಂದೇಶ ಸುತ್ತು ಹಾಕುತ್ತ ನೂರಾಗಿ, ಸಾವಿರವಾಗಿ ಜಾಲವನ್ನೇ ಉಸಿರುಗಟ್ಟಿಸುತ್ತದೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಪರಿಹಾರ ರೂಪಿಸಿದರು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೆಚ್ಚಿನ ದಾರಿಯನ್ನು ಮುಚ್ಚಿಡುತ್ತವೆ. ಮೊದಲ ದಾರಿ ಕಡಿದಾಗ ಅದನ್ನು ತೆರೆಯುತ್ತವೆ. ಆದರೆ ಮುಚ್ಚಿಟ್ಟ ದಾರಿಗೂ ಹಣ ತೆತ್ತಿದ್ದೇವಲ್ಲ! ಅದಕ್ಕೇ ಎರಡು ತಂತಿಗಳನ್ನು ಹುರಿ ಹೊಸೆದಂತೆ ಒಂದೇ ದಾರಿಯಾಗಿ ದುಡಿಸುವ ವಿಧಾನಗಳು ಮುಂದೆ ಬಂದವು.

ಇನ್ನೊಂದು ಸೂಕ್ಷ್ಮ. ವರ್ಚುವಲ್ ಯಂತ್ರ ಕೂತಲ್ಲೇ ಕೂರುವುದಿಲ್ಲ. ಒಂದು ಬ್ಲೇಡಿನ ರಿಪೇರಿ ಇದ್ದರೆ ಅದರ ಯಂತ್ರಗಳನ್ನು, ಕೆಲಸ ನಿಲ್ಲಿಸದೆಯೇ, ಬೇರೆ ಗೂಡಿನ ಬ್ಲೇಡಿಗೆ ಸಾಗಿಸಬಹುದು. ಮನೆ ಬದಲಾಯಿತು, ವಿಳಾಸ ಮಾತ್ರ ಹಳೆಯದೇ. ಒಂದೇ ತಂತಿಯಲ್ಲಿ ಕಂದಾಯದ ಮಾಹಿತಿ, ಶಿಕ್ಷಣದ ಮಾಹಿತಿ ಬೆರೆಯದಂತೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಇಂಥ ಒಳಜಾಲಕ್ಕೆ ‘ವಿ-ಲ್ಯಾನ್’ ಎಂದು ಹೆಸರು. ಹೊಸ ಗೂಡಿನ ಸ್ವಿಚ್‌ನಲ್ಲಿ ಆ ಸಂಖ್ಯೆಗೆ ಅನುಮತಿ ಕೊಡಲು ಮರೆತರೆ ಯಂತ್ರ ಜೀವಂತವಾಗಿಯೇ ಇರುತ್ತದೆ, ಯಾರಿಗೂ ಸಿಗುವುದಿಲ್ಲ. ನಾಡಕಚೇರಿಯ ಪರದೆಯ ಮೇಲೆ ಅದೂ ‘ಸರ್ವರ್ ಡೌನ್’!

ಕೊನೆಯ ಹರದಾರಿ

ದತ್ತಾಂಶ ಕೇಂದ್ರದ ಒಳಗೆ ಎಲ್ಲವೂ ಜೋಡಿಯಾಗಿದ್ದರೂ ಅಲ್ಲಿಂದ ಆಗುಂಬೆಗೋ ನಗರಕ್ಕೋ ಬರುವ ದಾರಿ ಒಂಟಿಯಾಗಿದ್ದರೆ ಫಲವೇನು? ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರ ಉರುಳುತ್ತದೆ, ಗುಡ್ಡ ಜಾರುತ್ತದೆ, ಕರೆಂಟು ಹೋಗುತ್ತದೆ. ಎರಡು ಕೇಬಲ್ ಇವೆ ಎಂದು ಕಾಗದದಲ್ಲಿ ಬರೆದಿದ್ದರೂ ಎರಡೂ ರಸ್ತೆ ಬದಿಯ ಒಂದೇ ಅಗಳಿನಲ್ಲಿ ಮಲಗಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಎರಡನೆಯದು ಬೇರೆ ರಸ್ತೆಯಿಂದಲೋ ಗೋಪುರದಿಂದ ಗೋಪುರಕ್ಕೆ ರೇಡಿಯೋ ಮೂಲಕವೋ ಬಂದರೆ ಮಾತ್ರ ಅದು ನಿಜವಾದ ಎರಡನೇ ದಾರಿ. ವೇಗ ಕಡಿಮೆಯಾದರೂ ಚಿಂತೆಯಿಲ್ಲ. ಒಂದು ಪ್ರಮಾಣಪತ್ರಕ್ಕೆ ಬೇಕಾದ ಮಾಹಿತಿ ಒಂದು ಛಾಯಾಚಿತ್ರದಷ್ಟೂ ಇರುವುದಿಲ್ಲ.

ಓದುವವರಿಗೆ

ಗಣಕ ಎಂದರೆ ಪ್ರೋಗ್ರಾಂ ಬರೆಯುವುದಷ್ಟೇ ಎಂದು ತಂದೆತಾಯಂದಿರು ತಿಳಿಯುವುದುಂಟು. ಜಾಲ ವಿನ್ಯಾಸವೂ ಅಷ್ಟೇ ಘನವಾದ ಕೆಲಸ. ಡಿಪ್ಲೊಮಾದಿಂದಲೂ ಎಂಜಿನಿಯರಿಂಗ್ ಪದವಿಯಿಂದಲೂ ಇದಕ್ಕೆ ಹೋಗಬಹುದು. ಗಣಿತ ಕಷ್ಟವಲ್ಲ, ತಾಳ್ಮೆ ಬೇಕು. ಹಳೆಯ ಎರಡು ಗಣಕ, ಒಂದು ಅಗ್ಗದ ಸ್ವಿಚ್ ಇದ್ದರೆ ಮನೆಯಲ್ಲೇ ಅಭ್ಯಾಸ ಆರಂಭಿಸಬಹುದು. ಉಚಿತ ತಂತ್ರಾಂಶದಿಂದ ಒಂದೇ ಗಣಕದೊಳಗೆ ಮೂರು ವರ್ಚುವಲ್ ಯಂತ್ರ ಹೂಡಿ ಅವುಗಳ ನಡುವೆ ದಾರಿ ಕಟ್ಟಬಹುದು. ಆಮೇಲೆ ಒಂದು ತಂತಿಯನ್ನು ಬೇಕೆಂದೇ ಕಿತ್ತು ನೋಡಬೇಕು. ಏನು ನಿಂತಿತು, ಏನು ನಡೆಯಿತು, ಎಷ್ಟು ಹೊತ್ತಿಗೆ ಚೇತರಿಸಿಕೊಂಡಿತು ಎಂದು ಬರೆದಿಟ್ಟುಕೊಳ್ಳಬೇಕು. ದೊಡ್ಡ ದತ್ತಾಂಶ ಕೇಂದ್ರಗಳನ್ನು ಕಟ್ಟುವವರೂ ಕಡೆಗೆ ಕೇಳುವ ಪ್ರಶ್ನೆ ಅದೇ: ಇದು ಕಡಿದರೆ ಮುಂದೇನು?